ಅಂಜುವ ನಾಯಿಗೆ ಯಾವ ಮನೆ ಸರಿ? ದತ್ತು ಕೊಡುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ರಕ್ಷಿಸಿ ತಂದ ನಾಯಿಯೊಂದು ಕೆಲವು ವಾರಗಳಿಂದ ನಿಮ್ಮ ಮನೆಯಲ್ಲಿದೆ. ಬಂದ ದಿನ ಮಂಚದ ಕೆಳಗೆ ಸೇರಿಕೊಂಡು ನೀರನ್ನೂ ಮುಟ್ಟದಿದ್ದ ಅದು ಈಗ ನಿಮ್ಮ ಹೆಜ್ಜೆಯ ಸದ್ದನ್ನು ಗುರುತಿಸುತ್ತದೆ, ನೀವು ಬೆನ್ನು ತಿರುಗಿಸಿ ಕುಳಿತರೆ ಹತ್ತಿರ ಬಂದು ಮೂಸುತ್ತದೆ. ಹೊಸಬರು ಬಾಗಿಲು ತಟ್ಟಿದರೆ ಮಾತ್ರ ಮತ್ತೆ ಮಂಚದ ಕೆಳಗೆ ಮಾಯವಾಗುತ್ತದೆ. ಅದನ್ನು ಕೊನೆಯವರೆಗೂ ಇಟ್ಟುಕೊಳ್ಳುವುದು ನಿಮ್ಮಿಂದಾಗದು. ದತ್ತು ಕೇಳಿಕೊಂಡು ಮೂರು ನಾಲ್ಕು ಕುಟುಂಬಗಳು ಬಂದಿವೆ, ಎಲ್ಲರೂ ಸಜ್ಜನರಾಗಿಯೇ ಕಾಣುತ್ತಾರೆ. ಅವರಲ್ಲಿ ಯಾರನ್ನು ಆರಿಸಬೇಕು, ಯಾವುದನ್ನು ಯಾವುದರ ಜೊತೆ ತೂಗಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಹಲವು ಅಂಜುಬುರುಕ ನಾಯಿಗಳನ್ನು ತಾತ್ಕಾಲಿಕವಾಗಿ ಸಾಕಿ ಬೇರೆ ಮನೆಗಳಿಗೆ ಕಳುಹಿಸಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ನಾಯಿಗೆ ಮನೆ ನೋಡುವಾಗ ನಾವು ಸಾಮಾನ್ಯವಾಗಿ ಅಂಗಳದ ಅಗಲವನ್ನೂ ಮನೆಯವರ ಪ್ರೀತಿಯ ಮಾತುಗಳನ್ನೂ ಅಳೆಯುತ್ತೇವೆ. ಆದರೆ ನಾಯಿಯ ಬದುಕನ್ನು ನಿರ್ಧರಿಸುವುದು ಬೇರೆ ಎರಡು ಸಂಗತಿಗಳು: ಆ ಮನೆಯಲ್ಲಿ ಇಂದಿನ ದಿನ ನಿನ್ನೆಯ ದಿನದಂತೆಯೇ ಸಾಗುತ್ತದೆಯೇ, ಮತ್ತು ನಾಯಿ ತಾನಾಗಿ ಹತ್ತಿರ ಬರುವವರೆಗೆ ಅಲ್ಲಿನ ಜನ ಕೈ ಚಾಚದೆ ಇರಬಲ್ಲರೇ. ಉಳಿದ ಹೋಲಿಕೆಗಳೆಲ್ಲ ಇವೆರಡರ ಸುತ್ತ ಸುತ್ತುತ್ತವೆ.

ಮೊದಲು ಭಯ ಯಾವುದೆಂದು ತಿಳಿಯಬೇಕು

‘ಈ ನಾಯಿ ಹೆದರುತ್ತದೆ’ ಎಂಬ ಮಾತಿನಿಂದ ಯಾವ ಮನೆಯನ್ನೂ ಆರಿಸಲಾಗದು. ಏನಕ್ಕೆ ಹೆದರುತ್ತದೆ ಎಂಬುದು ತಿಳಿಯಬೇಕು. ಅಪರಿಚಿತ ಮನುಷ್ಯರಿಗೆ ಹೆದರುವ ನಾಯಿ, ಶಬ್ದಕ್ಕೆ ಹೆದರುವ ನಾಯಿ, ಒಂಟಿಯಾಗಿ ಉಳಿಯಲು ಹೆದರುವ ನಾಯಿ, ಮನೆಯೆಂಬ ಜಾಗವನ್ನೇ ಎಂದೂ ಕಾಣದೆ ಮೆಟ್ಟಿಲು, ನುಣುಪು ನೆಲ, ಮಿಕ್ಸರ್ ಎಲ್ಲಕ್ಕೂ ಬೆಚ್ಚುವ ನಾಯಿ, ಇವು ನಾಲ್ಕೂ ನಾಲ್ಕು ಬೇರೆ ಬೇರೆ ಮನೆಗಳನ್ನು ಬೇಡುತ್ತವೆ. ಒಂದಕ್ಕೆ ವರವಾದ ಮನೆ ಇನ್ನೊಂದಕ್ಕೆ ಶಿಕ್ಷೆಯಾಗಬಹುದು.

ಭಯದ ಮೂಲವೂ ಒಂದೇ ಅಲ್ಲ. ನಾಯಿಮರಿಗಳು ಸುಮಾರು 3ನೆಯ ವಾರದಿಂದ 12 ಅಥವಾ 14ನೆಯ ವಾರದವರೆಗೆ ಲೋಕವನ್ನು ಸಹಜವೆಂದು ಸ್ವೀಕರಿಸಲು ಕಲಿಯುತ್ತವೆ. ಆ ಅವಧಿಯಲ್ಲಿ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗೆ ಯಾರೂ ಹೊಡೆದಿರಬೇಕೆಂದೇನಿಲ್ಲ, ಆದರೂ ಅದು ದೊಡ್ಡದಾದ ಮೇಲೆ ಮನುಷ್ಯರನ್ನು ಕಂಡರೆ ನಡುಗಬಹುದು. ಇಂಥ ನಾಯಿಯ ಬಗ್ಗೆ ‘ಪ್ರೀತಿ ಕೊಟ್ಟರೆ ಹಳೆಯ ಗಾಯ ಮಾಯುತ್ತದೆ’ ಎಂದು ದತ್ತು ಪಡೆಯುವವರಿಗೆ ಹೇಳುವುದು ತಪ್ಪು ಭರವಸೆಯಾಗುತ್ತದೆ, ಏಕೆಂದರೆ ಅಲ್ಲಿ ಮಾಯಬೇಕಾದ ಗಾಯವಿಲ್ಲ, ಕಟ್ಟಬೇಕಾದ ಅಡಿಪಾಯವಿದೆ. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಒಂದು ಕಾಲದಲ್ಲಿ ಮನೆಯಲ್ಲಿ ಬೆಳೆದು, ಬಿಡಲ್ಪಟ್ಟು, ಬೀದಿಯಲ್ಲಿ ಕಂಗೆಟ್ಟ ನಾಯಿ ಇದಕ್ಕಿಂತ ಬೇಗ ಚೇತರಿಸಿಕೊಳ್ಳುವುದನ್ನು ಹೆಚ್ಚಾಗಿ ಕಾಣುತ್ತೇವೆ.

ಮೂರನೆಯ ಮೂಲ ನೋವು. ಕಿವಿಯ ಸೋಂಕು, ಹಲ್ಲಿನ ಹುಳುಕು, ಕೀಲುನೋವು ಇರುವ ನಾಯಿ ಮುಟ್ಟಿದರೆ ಗುರ್ರೆನ್ನುವುದನ್ನೂ, ಮೊದಲು ಲೆಕ್ಕಿಸದಿದ್ದ ಶಬ್ದಗಳಿಗೆ ನಡುವಯಸ್ಸಿನಲ್ಲಿ ಹೊಸದಾಗಿ ಬೆಚ್ಚತೊಡಗುವುದನ್ನೂ ಪಶುವೈದ್ಯರು ಕಾಣುತ್ತಾರೆ. ಆದ್ದರಿಂದ ದತ್ತುಮಾತುಕತೆಗೆ ಮೊದಲೇ ಪೂರ್ತಿ ತಪಾಸಣೆ ಆಗಿರಬೇಕು. ನೋವನ್ನು ಸ್ವಭಾವವೆಂದು ತಿಳಿದು ಮನೆ ಆರಿಸಿದರೆ ಆಯ್ಕೆಯೇ ತಪ್ಪುತ್ತದೆ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಬಾಲ ಕಾಲಸಂದಿಗೆ ಸೇರುವುದು, ನಡುಗುವುದು, ಓಡಿ ಅಡಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಮೊದಲು ಬರುವ ಸಣ್ಣ ಸೂಚನೆಗಳು ಹೆಚ್ಚು ಮುಖ್ಯ: ಹಸಿವಿಲ್ಲದಾಗ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಾಗ ಆಕಳಿಸುವುದು, ಮುಖ ತಿರುಗಿಸಿಕೊಂಡು ಕಣ್ಣಿನ ಬಿಳಿಯಂಚು ಕಾಣುವಂತೆ ಓರೆಯಾಗಿ ನೋಡುವುದು, ಸೆಖೆಯಿಲ್ಲದೆ ಏದುಸಿರು ಬಿಡುವುದು, ಒಂದು ಮುಂಗಾಲನ್ನು ಎತ್ತಿ ಹಿಡಿಯುವುದು, ಇಷ್ಟದ ತಿನಿಸನ್ನು ಮೂಸಿಯೂ ಬಿಡುವುದು. ಇವು ಯಾವಾಗ, ಯಾರೆದುರು, ಎಷ್ಟು ದೂರದಲ್ಲಿ ಕಂಡವು, ಮತ್ತೆ ತಿನ್ನತೊಡಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ದಾಖಲಿಸಿದರೆ ಆ ಪುಸ್ತಕವೇ ನಿಮ್ಮ ತಕ್ಕಡಿಯಾಗುತ್ತದೆ.

ಅಂಗಳವಿರುವ ಮನೆಯೋ, ಅಪಾರ್ಟ್‌ಮೆಂಟೋ

ದತ್ತು ಕೊಡುವವರಲ್ಲಿ ಬಹುಪಾಲು ಜನ ಅಂಗಳದ ಮನೆಗೇ ಮೊದಲ ಅಂಕ ಕೊಡುತ್ತಾರೆ. ನಾನೂ ಕೊಡುತ್ತಿದ್ದೆ. ಮನುಷ್ಯರಿಗೆ ಹೆದರುತ್ತಿದ್ದ ಒಂದು ಹೆಣ್ಣುನಾಯಿಯನ್ನು ದೊಡ್ಡ ತೋಟವಿದ್ದ ಮನೆಯೊಂದಕ್ಕೆ ಕೊಟ್ಟಾಗ ಅದು ಮೊದಲ ಸಂಜೆಯೇ ಪೊದೆಯೊಳಗೆ ಸೇರಿ, ಹನ್ನೊಂದು ದಿನ ಮನೆಯೊಳಗೆ ಕಾಲಿಡಲಿಲ್ಲ. ಮನೆಯವರು ಹಿಡಿಯಲು ಹೋದಷ್ಟೂ ಅದು ದೂರ ಸರಿಯಿತು. ತಪ್ಪು ಅವರದಲ್ಲ, ನನ್ನದು. ದೂರ ಓಡಲು ಬೇಕಾದಷ್ಟು ಜಾಗ ಸಿಕ್ಕಿದಾಗ ಅಂಜುವ ನಾಯಿ ಓಡುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ, ಮತ್ತು ಮನುಷ್ಯರ ಸಹವಾಸವಿಲ್ಲದೆಯೇ ದಿನ ಕಳೆಯಲು ಕಲಿಯುತ್ತದೆ. ಚಿಕ್ಕ, ಶಾಂತವಾದ ಕೋಣೆಯೊಂದರಲ್ಲಿ ಇದ್ದಿದ್ದರೆ ಅದು ಮನುಷ್ಯರು ಬರುವ, ಕೂರುವ, ತಿನಿಸು ಇಟ್ಟು ಹೋಗುವ ಕ್ರಮಕ್ಕೆ ಹೊಂದಿಕೊಳ್ಳುತ್ತಿತ್ತು.

ಹಾಗೆಂದು ಅಪಾರ್ಟ್‌ಮೆಂಟ್ ಎಲ್ಲ ಅಂಜುಬುರುಕ ನಾಯಿಗಳಿಗೂ ಸರಿಯೆಂದಲ್ಲ. ಅಲ್ಲಿ ಮಲವಿಸರ್ಜನೆಗೆ ದಿನಕ್ಕೆ ಮೂರು ನಾಲ್ಕು ಸಲ ಬಾಗಿಲು ದಾಟಲೇಬೇಕು; ಪ್ರತಿ ಸಲವೂ ಲಿಫ್ಟು, ಇಕ್ಕಟ್ಟಾದ ಮೊಗಸಾಲೆ, ಎದುರಾಗುವ ಅಪರಿಚಿತರು, ತಪ್ಪಿಸಿಕೊಳ್ಳಲು ದಾರಿಯಿಲ್ಲದ ತಿರುವು. ಭಯಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಲಿಫ್ಟಿನ ಸದ್ದನ್ನು ಸಹಿಸಿಕೊಂಡ ನಾಯಿ, ಅದರ ಬೆನ್ನಿಗೇ ಮಗುವೊಂದು ಓಡಿ ಬಂದದ್ದನ್ನೂ ಸಹಿಸಿಕೊಂಡು, ಮೂರನೆಯದಾಗಿ ಯಾರೋ ಕೊಡೆ ಬಿಚ್ಚಿದಾಗ ಕಚ್ಚಲು ಹೋದರೆ ನೋಡಿದವರಿಗೆ ಕೊಡೆಯೊಂದೇ ಕಾರಣವಾಗಿ ಕಾಣುತ್ತದೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಕೇಳಿದರೆ ನಾಯಿಯದು 45,000 ಹರ್ಟ್ಸ್‌ ಸುಮಾರಿನವರೆಗೂ ಕೇಳುತ್ತದೆ. ನಮಗೆ ಶಾಂತವೆನಿಸಿದ ಕಟ್ಟಡ ಅದಕ್ಕೆ ಶಾಂತವಾಗಿರಬೇಕಾಗಿಲ್ಲ.

ಹೋಲಿಸುವಾಗ ನಾನೀಗ ಕೇಳುವ ಪ್ರಶ್ನೆ ಒಂದೇ: ನಾಯಿ ಮಲಗುವ ಮೂಲೆಯಿಂದ ಮೂತ್ರ ಮಾಡುವ ಜಾಗದವರೆಗಿನ ದಾರಿಯಲ್ಲಿ ಅದು ಏನೇನನ್ನು ಹಾದುಹೋಗಬೇಕು? ನೆಲಮಹಡಿಯ, ಪಕ್ಕದಲ್ಲೇ ಸಣ್ಣ ಬೇಲಿಯ ಜಾಗವಿರುವ ಮನೆ ಎಲ್ಲಕ್ಕಿಂತ ಮೇಲು. ಅದಿಲ್ಲದಿದ್ದರೆ, ಮನುಷ್ಯರಿಗೆ ಹೆದರುವ ನಾಯಿಗೆ ಜನಸಂಚಾರ ಕಡಿಮೆಯಿರುವ ಬೀದಿಯ ಮನೆಯನ್ನೂ, ಶಬ್ದಕ್ಕೆ ಹೆದರುವ ನಾಯಿಗೆ ಒಳಕೋಣೆಯೊಂದು ದಪ್ಪ ಗೋಡೆಗಳ ನಡುವೆ ಇರುವ ಮನೆಯನ್ನೂ ಆರಿಸುತ್ತೇನೆ, ಅಂಗಳವಿದ್ದರೂ ಇಲ್ಲದಿದ್ದರೂ. ಅಂಗಳವಿದ್ದರೆ ಬೇಲಿ ಕನಿಷ್ಠ ಆರು ಅಡಿ ಎತ್ತರವಿರಬೇಕು, ಬುಡದಲ್ಲಿ ತೋಡಿ ನುಸುಳಲಾಗದಂತಿರಬೇಕು, ಬೀದಿಗೆ ತೆರೆಯುವ ಬಾಗಿಲಿಗೂ ನಾಯಿಗೂ ನಡುವೆ ಇನ್ನೊಂದು ಬಾಗಿಲೋ ಗೇಟೋ ಇರಬೇಕು. ಹೊಸ ಮನೆಗೆ ಬಂದ ನಾಯಿ ಕಳೆದುಹೋಗುವ ಅಪಾಯ ಮೊದಲ ದಿನಗಳಲ್ಲಿಯೇ ಹೆಚ್ಚು, ಮತ್ತು ಭಯದಿಂದ ಓಡಿದ ನಾಯಿ ತನ್ನವರ ಕರೆಗೂ ನಿಲ್ಲುವುದಿಲ್ಲ.

ಮಕ್ಕಳಿರುವ ಮನೆ, ಹಿರಿಯರಷ್ಟೇ ಇರುವ ಮನೆ

ಇಲ್ಲಿ ನಾನು ಹೆಚ್ಚು ತೂಗಿ ನೋಡುವುದಿಲ್ಲ. ಆರೇಳು ವರ್ಷದೊಳಗಿನ ಮಕ್ಕಳಿರುವ ಮನೆಗೆ ಮನುಷ್ಯರಿಗೆ ಹೆದರುವ ನಾಯಿಯನ್ನು ಕೊಡಬಾರದು. ಚಿಕ್ಕ ಮಕ್ಕಳು ಓಡುತ್ತಾರೆ, ಕಿರುಚುತ್ತಾರೆ, ನಾಯಿಯ ಮುಖದ ಎತ್ತರಕ್ಕೇ ಬಾಗಿ ತಬ್ಬಿಕೊಳ್ಳುತ್ತಾರೆ, ಅದು ಮಲಗಿದಲ್ಲಿಗೆ ತೆವಳಿ ಹೋಗುತ್ತಾರೆ. ಮಕ್ಕಳ ತಪ್ಪು ಅದರಲ್ಲಿ ಏನೂ ಇಲ್ಲ; ಆದರೆ ಮಕ್ಕಳಿಗೆ ನಾಯಿ ಕಚ್ಚುವ ಪ್ರಕರಣಗಳಲ್ಲಿ ಬಹಳಷ್ಟು ನಡೆಯುವುದು ಪರಿಚಯದ ನಾಯಿಯಿಂದಲೇ, ಮನೆಯೊಳಗೇ. ಒಂದು ಕಚ್ಚಿನಿಂದ ಮಗುವಿಗೂ ನೋವು, ನಾಯಿಗೂ ಮುಂದೆ ಎಲ್ಲ ಬಾಗಿಲುಗಳು ಮುಚ್ಚಿಹೋಗುತ್ತವೆ.

ಹನ್ನೆರಡು ದಾಟಿದ ಮಕ್ಕಳ ವಿಷಯ ಬೇರೆ. ಓದುತ್ತಾ ನೆಲದ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕೂರಬಲ್ಲ ಹುಡುಗನೋ ಹುಡುಗಿಯೋ ಇರುವ ಮನೆ ಅಂಜುವ ನಾಯಿಗೆ ದೊಡ್ಡ ಆಸರೆಯಾಗಬಲ್ಲದು. ಅವಸರದ ಹಿರಿಯರಿಗಿಂತ ಆ ಮಗುವಿನ ಬಳಿಗೇ ನಾಯಿ ಮೊದಲು ಹೋಗಬಹುದು. ಆದರೆ ಆ ಮಗುವಿನ ಗೆಳೆಯರು ದಿನವೂ ಮನೆಗೆ ಬಂದು ಹೋಗುತ್ತಾರೆಯೇ ಎಂದು ಕೇಳಲು ಮರೆಯಬೇಡಿ. ವಯಸ್ಸಾದ ದಂಪತಿಗಳ ಶಾಂತ ಮನೆಯೂ ಹೊರನೋಟಕ್ಕೆ ಹೇಳಿಮಾಡಿಸಿದಂತೆ ಕಾಣುತ್ತದೆ. ಅಲ್ಲಿ ಗಮನಿಸಬೇಕಾದ್ದು ಎರಡು: ಬೆದರಿ ಜಗ್ಗುವ ನಾಯಿಯ ಲೀಶನ್ನು ಬೀಳದೆ ಹಿಡಿಯುವ ಬಲ ಅವರಿಗಿದೆಯೇ, ಮತ್ತು ಅವರಿಗೆ ಆಗದ ದಿನ ನಾಯಿಯನ್ನು ನೋಡಿಕೊಳ್ಳುವ ಇನ್ನೊಬ್ಬರು ಈಗಿನಿಂದಲೇ ಅದಕ್ಕೆ ಪರಿಚಯವಾಗಬಲ್ಲರೇ.

ಇನ್ನೊಂದು ನಾಯಿ ಇರುವ ಮನೆ

ಈ ಹೋಲಿಕೆಯೇ ಎಲ್ಲಕ್ಕಿಂತ ಕಷ್ಟದ್ದು, ಫಲವೂ ಇದರಲ್ಲೇ ಹೆಚ್ಚು. ಮನುಷ್ಯರನ್ನು ನಂಬದ ನಾಯಿ ಬಹುತೇಕ ಸಂದರ್ಭಗಳಲ್ಲಿ ನಾಯಿಗಳನ್ನು ನಂಬುತ್ತದೆ. ಮನೆಯ ಹಳೆಯ ನಾಯಿ ನಿರಾಳವಾಗಿ ಮನುಷ್ಯರ ಬಳಿ ಹೋಗಿ ಕೈಯಿಂದ ತಿನ್ನುವುದನ್ನು, ಬೀದಿಯ ಸದ್ದಿಗೆ ಕಿವಿಯನ್ನೂ ಎತ್ತದೆ ಮಲಗಿರುವುದನ್ನು ಹೊಸತು ದೂರದಿಂದ ನೋಡುತ್ತದೆ, ವಾರಗಳು ಕಳೆದಂತೆ ಅದರ ಹಿಂದೆ ಹಿಂದೆ ಬರತೊಡಗುತ್ತದೆ. ನಾನು ತಿಂಗಳುಗಟ್ಟಲೆ ಯತ್ನಿಸಿ ಕಲಿಸಲಾಗದ ಮೆಟ್ಟಿಲಿಳಿಯುವ ಕೆಲಸವನ್ನು ಒಂದು ಮುದಿನಾಯಿ ಎರಡೇ ದಿನದಲ್ಲಿ ಕಲಿಸಿದ್ದನ್ನು ಕಂಡಿದ್ದೇನೆ. ಆದ್ದರಿಂದ ಮನುಷ್ಯರಿಗೆ ಹೆದರುವ ನಾಯಿಗೆ, ಉಳಿದೆಲ್ಲ ಸಮವಾಗಿದ್ದರೆ, ನಾಯಿಯಿರುವ ಮನೆಯನ್ನೇ ಆರಿಸಬೇಕೆಂಬುದು ನನ್ನ ನಿಲುವು.

ಆದರೆ ಆ ಹಳೆಯ ನಾಯಿ ಎಂಥದ್ದೆಂಬುದರ ಮೇಲೆ ಎಲ್ಲವೂ ನಿಂತಿದೆ. ಅದು ಪ್ರಬುದ್ಧ ವಯಸ್ಸಿನದಾಗಿರಬೇಕು, ಮನುಷ್ಯರೊಡನೆ ಸಲಿಗೆಯಿರಬೇಕು, ತಟ್ಟೆಯನ್ನೋ ಹಾಸಿಗೆಯನ್ನೋ ಕಾಯುತ್ತಾ ಗುರ್ರೆನ್ನುವ ಅಭ್ಯಾಸ ಇರಬಾರದು, ಹೊಸ ನಾಯಿ ‘ಬೇಡ’ ಎಂದು ಮುಖ ತಿರುಗಿಸಿದರೆ ಅರ್ಥ ಮಾಡಿಕೊಂಡು ಸರಿಯಬೇಕು. ಒಂದು ವರ್ಷದೊಳಗಿನ, ಎಲ್ಲರ ಮೇಲೂ ಎಗರುವ ತುಂಟ ನಾಯಿ ಎಷ್ಟೇ ಒಳ್ಳೆಯದಾದರೂ ಅಂಜುಬುರುಕ ನಾಯಿಗೆ ಅದು ಇಡೀ ದಿನದ ಕಾಟವೇ. ಹಳೆಯದೂ ಅಂಜುಬುರುಕವಾಗಿದ್ದರೆ ಒಂದರ ಬೊಗಳು ಇನ್ನೊಂದರ ಭಯವನ್ನು ಎತ್ತಿಕೊಡುತ್ತದೆ, ಎರಡೂ ಕೆಡುತ್ತವೆ. ಒಂದೇ ಮನೆಯ ನಾಯಿಗಳ ನಡುವಿನ ಗಂಭೀರ ಜಗಳಗಳು ಒಂದೇ ಲಿಂಗದವುಗಳ ನಡುವೆ, ಅದರಲ್ಲೂ ಎರಡು ಹೆಣ್ಣುಗಳ ನಡುವೆ ಹೆಚ್ಚು ಕಂಡುಬರುವುದರಿಂದ ಗಂಡು ಹೆಣ್ಣಿನ ಜೋಡಿಗೆ ಸ್ವಲ್ಪ ಹೆಚ್ಚು ಅಂಕ ಕೊಡಬಹುದು. ಭೇಟಿಯನ್ನು ಆ ಮನೆಯೊಳಗೆ ಮಾಡಿಸದೆ, ಎರಡಕ್ಕೂ ಸೇರದ ಬಯಲಿನಲ್ಲಿ, ನಡುವೆ ಹತ್ತಾರು ಅಡಿ ಅಂತರವಿಟ್ಟು ಒಂದೇ ದಿಕ್ಕಿನಲ್ಲಿ ನಡೆಸುತ್ತಾ ಮಾಡಿಸಿ. ಎದುರು ಬದುರು ನಿಲ್ಲಿಸಿ ಮೂಸಲು ಬಿಡುವುದು ಒತ್ತಡವನ್ನೇ ತರುತ್ತದೆ.

ಒಂದು ಎಚ್ಚರಿಕೆಯನ್ನೂ ದತ್ತು ಪಡೆಯುವವರಿಗೆ ಹೇಳಬೇಕು. ಹೊಸ ನಾಯಿ ಹಳೆಯದಕ್ಕೇ ಅಂಟಿಕೊಂಡು, ಮನುಷ್ಯರೊಡನೆ ನೇರ ಸಂಬಂಧವನ್ನು ಬೆಳೆಸಿಕೊಳ್ಳದೆ ಉಳಿಯಬಹುದು. ಹಳೆಯ ನಾಯಿಗೆ ಹನ್ನೊಂದು ಹನ್ನೆರಡು ವಯಸ್ಸಾಗಿದ್ದರೆ ಅದು ಹೋದ ದಿನ ಹೊಸತು ಮತ್ತೆ ಮೊದಲಿನ ಮೂಲೆಗೇ ಸೇರಬಹುದು. ದಿನಕ್ಕೆ ಸ್ವಲ್ಪ ಹೊತ್ತಾದರೂ ಅದರೊಡನೆ ಬೇರೆಯಾಗಿ ಕಳೆಯುತ್ತೇವೆಂದು ಒಪ್ಪುವ ಮನೆಗೆ ಮಾತ್ರ ಇಂಥ ಜೋಡಿಯನ್ನು ಒಪ್ಪಿಸಬೇಕು. ಬೆಕ್ಕಿದ್ದರೆ, ನಾಯಿ ಬೆಕ್ಕನ್ನು ಕಂಡಾಗ ಅಟ್ಟಿಸಿಕೊಂಡು ಹೋಗುತ್ತದೆಯೇ ಎಂದು ನೀವೇ ಮೊದಲು ಪರೀಕ್ಷಿಸಿ ತಿಳಿಸಿದರೆ ಸಾಕು.

ಯಾವಾಗಲೂ ಯಾರಾದರೂ ಇರುವ ಮನೆಯೇ ಮೇಲೆ?

ಎಲ್ಲರೂ ಹೌದೆನ್ನುತ್ತಾರೆ. ನಾಯಿಯ ಭಯ ಒಂಟಿತನದ್ದಾದರೆ ಹೌದು. ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಕೂಗುವುದು, ಬಾಗಿಲನ್ನು ಕೆರೆಯುವುದು, ಜೊಲ್ಲು ಸುರಿಸುವುದು, ಹಾಸಿಗೆ ಒದ್ದೆ ಮಾಡುವುದು ಅದರ ಲಕ್ಷಣಗಳು. ಫೋನನ್ನೋ ಕ್ಯಾಮೆರಾವನ್ನೋ ಇಟ್ಟು ಹೊರಗೆ ಹೋಗಿ ನೋಡಿದರೆ ಸ್ಪಷ್ಟವಾಗುತ್ತದೆ. ಇಂಥ ನಾಯಿಯನ್ನು ಗಂಟೆಗಟ್ಟಲೆ ಬಿಟ್ಟುಹೋಗುವ ಮನೆಗೆ ಕೊಡುವುದು ಕ್ರೌರ್ಯ. ಸೆಕೆಂಡುಗಳಿಂದ ಶುರುಮಾಡಿ ನಿಮಿಷಗಳಿಗೆ ಏರಿಸುವ ಅಭ್ಯಾಸ ತಿಂಗಳುಗಟ್ಟಲೆ ನಡೆಯಬೇಕು, ಆ ಅವಧಿಯಲ್ಲಿ ಅದು ಸಹಿಸಲಾರದಷ್ಟು ಹೊತ್ತು ಒಂಟಿಯಾಗಬಾರದು. ಕ್ಲೊಮಿಪ್ರಮಿನ್ ಅಥವಾ ಫ್ಲೂಆಕ್ಸೆಟಿನ್‌ನಂಥ, ಆತಂಕ ತಗ್ಗಿಸುವ ಔಷಧಿಯನ್ನು ಪಶುವೈದ್ಯರು ಸೂಚಿಸಬಹುದು. ಅದರ ಪೂರ್ಣ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ, ಮತ್ತು ಅಭ್ಯಾಸದ ಜೊತೆಗೆ ಕೊಟ್ಟಾಗಲೇ ಅದು ಉಪಯುಕ್ತ. ಔಷಧಿ ಎಂದೊಡನೆ ಮೂಗು ಮುರಿಯುವ ಕುಟುಂಬ ಇಂಥ ನಾಯಿಗೆ ತಕ್ಕುದಲ್ಲ.

ಆದರೆ ಭಯ ಮನುಷ್ಯರದ್ದಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಮನೆಯಿಂದಲೇ ಕೆಲಸ ಮಾಡುವ, ದಿನವಿಡೀ ಓಡಾಡುವ, ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುವ ಜನರ ನಡುವೆ ಅಂಥ ನಾಯಿಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ. ಮನೆಯವರು ದಿನವೂ ಒಂದೇ ಹೊತ್ತಿಗೆ ನಾಲ್ಕು ಗಂಟೆ ಹೊರಗೆ ಹೋದರೆ, ಆ ನಾಲ್ಕು ಗಂಟೆಗಳಲ್ಲಿ ನಾಯಿ ಮೂಲೆಯಿಂದ ಎದ್ದು ಇಡೀ ಮನೆಯನ್ನು ಮೂಸುತ್ತದೆ, ಸೋಫಾದ ಮೇಲೆ ಮಲಗಿ ನೋಡುತ್ತದೆ, ಜಾಗವನ್ನು ತನ್ನದಾಗಿಸಿಕೊಳ್ಳುತ್ತದೆ. ಇದನ್ನು ಕ್ಯಾಮೆರಾದಲ್ಲಿ ಮೊದಲ ಸಲ ನೋಡಿದ ದಿನ ನನಗಾದ ಸಂತೋಷ ದೊಡ್ಡದು. ಕೆಲಸಕ್ಕೆ ಹೋಗುವವರೆಂಬ ಒಂದೇ ಕಾರಣಕ್ಕೆ ಒಳ್ಳೆಯ ಕುಟುಂಬವನ್ನು ತಳ್ಳಿಹಾಕಬೇಡಿ.

ಅನುಭವಿಗಳೋ, ಹೊಸಬರೋ

ಅನುಭವ ಎಂಬ ಮಾತಿಗೆ ನಾನು ಬೇಗ ಮರುಳಾಗುವುದಿಲ್ಲ. ‘ಮೂವತ್ತು ವರ್ಷದಿಂದ ನಾಯಿ ಸಾಕಿದ್ದೇವೆ’ ಎನ್ನುವವರು ಮೂವತ್ತು ವರ್ಷವೂ ಧೈರ್ಯದ ನಾಯಿಗಳನ್ನೇ ಸಾಕಿರಬಹುದು. ಕೆಲವರು ‘ಹೆದರಿಕೆಯನ್ನು ಬಿಡಿಸಬೇಕಾದರೆ ಹೆದರುವಲ್ಲಿಗೇ ಎಳೆದುಕೊಂಡು ಹೋಗಬೇಕು’ ಎನ್ನುತ್ತಾರೆ. ಹಾಗೆ ಎಳೆದಾಗ ನಾಯಿ ಸುಮ್ಮನಾಗುವುದು ಧೈರ್ಯದಿಂದಲ್ಲ, ಕೈಚೆಲ್ಲಿದ್ದರಿಂದ. ಗುರ್ರೆಂದರೆ ಗದರಿಸಬೇಕು ಎನ್ನುವವರೂ ಇದ್ದಾರೆ. ಎಚ್ಚರಿಕೆಯ ಸದ್ದನ್ನು ಅಡಗಿಸಿದರೆ ಮುಂದಿನ ಸಲ ನಾಯಿ ಎಚ್ಚರಿಕೆಯಿಲ್ಲದೆಯೇ ಕಚ್ಚುತ್ತದೆ. ಕತ್ತು ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ, ವಿದ್ಯುತ್ ಪಟ್ಟಿಗಳ ಮಾತು ಯಾರ ಬಾಯಲ್ಲಿ ಬಂದರೂ ನಾನು ಆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಪ್ರಾಣಿವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರ ತನ್ನ ಹೇಳಿಕೆಯಲ್ಲಿ ಬಹುಮಾನದ ಮೂಲಕ ಕಲಿಸುವ ವಿಧಾನಗಳನ್ನಷ್ಟೇ ಬಳಸಬೇಕೆಂದು ಸ್ಪಷ್ಟಪಡಿಸಿದೆ, ವರ್ತನೆಯ ತೊಂದರೆಯಿರುವ ನಾಯಿಗಳಿಗೂ ಇದೇ ಅನ್ವಯಿಸುತ್ತದೆಂದು ಹೇಳಿದೆ. ‘ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ’ ಎಂಬ ಹಳೆಯ ನಂಬಿಕೆಯನ್ನೂ ಇಲ್ಲೇ ಬಿಡಿಸಬೇಕು. ಭಯ ಒಂದು ಭಾವನೆ, ಗುಡುಗಿನ ಹೊತ್ತಿನಲ್ಲಿ ನಾಯಿ ತಾನಾಗಿ ಪಕ್ಕಕ್ಕೆ ಬಂದು ಒರಗಿದರೆ ಒರಗಲು ಬಿಡುವುದರಿಂದ ಅದು ಬೆಳೆಯುವುದಿಲ್ಲ.

ಹೊಸಬರಾದರೂ ಕೇಳಿ ತಿಳಿಯುವ, ಬರೆದುಕೊಳ್ಳುವ, ‘ಇದು ನನಗೆ ಗೊತ್ತಿಲ್ಲ’ ಎಂದು ಒಪ್ಪುವ ಕುಟುಂಬವನ್ನು ನಾನು ಹಲವು ಸಲ ಆರಿಸಿದ್ದೇನೆ. ಅವರನ್ನು ಅಳೆಯಲು ಒಂದು ಪ್ರಶ್ನೆ ಸಾಕು: ‘ಆರು ತಿಂಗಳಾದರೂ ಈ ನಾಯಿ ನಿಮಗೆ ಮುಟ್ಟಲು ಬಿಡದಿದ್ದರೆ ಏನು ಮಾಡುತ್ತೀರಿ?’ ‘ಹಾಗೆ ಆಗುವುದೇ ಇಲ್ಲ, ನಮ್ಮ ಪ್ರೀತಿ ಅದನ್ನು ಬದಲಿಸುತ್ತದೆ’ ಎಂಬ ಉತ್ತರ ಕಿವಿಗೆ ಇಂಪಾಗಿದ್ದರೂ ಅಪಾಯದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಸರವಾಗುತ್ತದೆ, ಆದರೂ ಅದು ತಿಂದು ಮಲಗಿ ನೆಮ್ಮದಿಯಾಗಿದ್ದರೆ ಸರಿ’ ಎಂದವರ ಮನೆಯಲ್ಲಿ ನಾಯಿ ಉಳಿಯುತ್ತದೆ.

ಭೇಟಿಯ ದಿನ ಕಂಡದ್ದನ್ನು ಹೇಗೆ ಓದಬೇಕು

ನಾಯಿಯೇ ತನ್ನ ಮನೆಯವರನ್ನು ಆರಿಸುತ್ತದೆ ಎಂಬ ಮಾತು ಅಂಜುವ ನಾಯಿಗೆ ಹೊಂದುವುದಿಲ್ಲ. ಹೊಸಬರು ಬೆನ್ನು ಸವರಿದಾಗ ಅಲುಗಾಡದೆ ನಿಂತ ನಾಯಿಯನ್ನು ನೋಡಿ ‘ನಮ್ಮನ್ನು ಒಪ್ಪಿಕೊಂಡಿತು’ ಎಂದು ಕಣ್ಣು ತುಂಬಿಕೊಂಡವರನ್ನು ನೋಡಿದ್ದೇನೆ. ಅದರ ಬಾಯಿ ಬಿಗಿದುಕೊಂಡಿತ್ತು, ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ, ಭಾರವೆಲ್ಲ ಹಿಂಗಾಲಿಗೆ ಸರಿದಿತ್ತು; ಅದು ಭಯದಿಂದ ಮರಗಟ್ಟಿತ್ತು. ಒಬ್ಬರ ಬಳಿ ಮರಗಟ್ಟಿದ್ದನ್ನು ಒಪ್ಪಿಗೆಯೆಂದೂ, ಇನ್ನೊಬ್ಬರನ್ನು ಕಂಡು ಓಡಿದ್ದನ್ನು ತಿರಸ್ಕಾರವೆಂದೂ ಓದಿದರೆ ಆಯ್ಕೆ ತಲೆಕೆಳಗಾಗುತ್ತದೆ.

ಆದ್ದರಿಂದ ಭೇಟಿಯ ದಿನ ನಾಯಿಗಿಂತ ಮನುಷ್ಯರನ್ನು ನೋಡಿ. ಯಾರು ಕೇಳದೆಯೇ ಪಕ್ಕಕ್ಕೆ ತಿರುಗಿ ಕುಳಿತರು, ಯಾರು ಮುಖದ ಮೇಲೆ ಬಾಗಿ ಕೈ ನೀಡಿದರು, ‘ಮುಟ್ಟಬೇಡಿ’ ಎಂದಾಗ ಯಾರು ಮನಸ್ಸು ಸಣ್ಣದು ಮಾಡಿಕೊಂಡರು, ಯಾರು ಅರ್ಧ ಗಂಟೆ ಸುಮ್ಮನೆ ಕುಳಿತು ಮನೆಗೆ ಹೋಗಿ ‘ಇನ್ನೊಂದು ಸಲ ಬರಬಹುದೇ’ ಎಂದು ಕೇಳಿದರು. ಮೂರು ಭೇಟಿಗಳಾದರೂ ಆಗಲಿ, ಕೊನೆಯದು ನಿಮ್ಮ ಮನೆಯ ಹೊರಗೆ ನಡೆಯಲಿ. ಮೂರಕ್ಕೂ ಬರುವ ತಾಳ್ಮೆ ಇಲ್ಲದವರಿಗೆ ಮುಂದಿನ ಮೂರು ತಿಂಗಳಿಗೆ ಬೇಕಾದ ತಾಳ್ಮೆ ಎಲ್ಲಿಂದ ಬರಬೇಕು? ಬಹಳ ದೂರದಿಂದ ಬಂದು ಒಂದೇ ದಿನದಲ್ಲಿ ಕರೆದೊಯ್ಯುತ್ತೇವೆ ಎನ್ನುವವರಿಗಿಂತ, ನೀವು ಒಂದೆರಡು ಗಂಟೆಯಲ್ಲಿ ತಲುಪಬಲ್ಲಷ್ಟು ಹತ್ತಿರವಿರುವವರಿಗೆ ಆದ್ಯತೆ ಕೊಡಲು ಇದೂ ಒಂದು ಕಾರಣ.

ನೇರ ದತ್ತು, ಪರೀಕ್ಷಾವಧಿ, ಅಥವಾ ಇನ್ನೂ ಕಾಯುವುದು

ಧೈರ್ಯದ ನಾಯಿಗೆ ನೇರ ದತ್ತು ಸಾಕು. ಅಂಜುವ ನಾಯಿಗೆ ಪರೀಕ್ಷಾವಧಿಯ ಒಪ್ಪಂದವೇ ಸರಿಯೆಂದು ನಾನು ನಂಬಿದ್ದೇನೆ: ಮೂರು ತಿಂಗಳು ನಾಯಿ ಅವರ ಮನೆಯಲ್ಲಿರುತ್ತದೆ, ಜವಾಬ್ದಾರಿ ಇಬ್ಬರದೂ, ಆಗದಿದ್ದರೆ ಯಾವ ಪ್ರಶ್ನೆಯೂ ಇಲ್ಲದೆ ನಿಮ್ಮಲ್ಲಿಗೇ ಮರಳುತ್ತದೆ, ಬೇರೆ ಯಾರಿಗೂ ಹೋಗುವುದಿಲ್ಲ. ನಾಯಿ ರಕ್ಷಣೆಯಲ್ಲಿ ತೊಡಗಿರುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಹೇಳುವ ರೂಢಿಯಿದೆ. ಮೂರು ದಿನ ಕಂಗಾಲು, ಮೂರು ವಾರಕ್ಕೆ ದಿನಚರಿಯ ಅರಿವು, ಮೂರು ತಿಂಗಳಿಗೆ ಮನೆ ತನ್ನದೆಂಬ ಭಾವ. ಅದು ಅಂದಾಜಿನ ಲೆಕ್ಕ, ಅಂಜುಬುರುಕ ನಾಯಿಗೆ ಇದರ ಎರಡು ಮೂರು ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ. ಮೊದಲ ವಾರ ಕಲ್ಲಿನಂತೆ ಸುಮ್ಮನಿದ್ದ ನಾಯಿ ಮೂರನೆಯ ವಾರದಲ್ಲಿ ಬೊಗಳತೊಡಗಿದರೆ ಅದು ಕೆಟ್ಟಿತೆಂದು ತಿಳಿಯುವವರುಂಟು. ವಾಸ್ತವದಲ್ಲಿ ಅದು ತನ್ನ ಸ್ವಭಾವ ತೋರಿಸುವಷ್ಟು ನಿರಾಳವಾಗುತ್ತಿರುತ್ತದೆ.

ಬಂದವರಲ್ಲಿ ಯಾರೂ ಹೊಂದದಿದ್ದರೆ ಕಾಯುವುದೂ ಒಂದು ಆಯ್ಕೆ. ಆದರೆ ಎಲ್ಲಿ ಕಾಯುವುದು ಎಂಬುದು ಮುಖ್ಯ. ನಿಮ್ಮ ಮನೆಯಲ್ಲಿ ಇನ್ನೆರಡು ತಿಂಗಳು ಇರುವುದು ನಾಯಿಗೆ ನಷ್ಟವಲ್ಲ, ಅಷ್ಟರಲ್ಲಿ ಅದು ಕಲಿತಷ್ಟೂ ಮುಂದಿನ ಮನೆ ಸುಲಭವಾಗುತ್ತದೆ. ಬೋನುಗಳ ಸಾಲಿರುವ ಆಶ್ರಯತಾಣದಲ್ಲಿ ಬೊಗಳುವಿಕೆಯ ಶಬ್ದ 100 ಡೆಸಿಬೆಲ್ ದಾಟುವುದು ಅಪರೂಪವಲ್ಲ. ಅಲ್ಲಿ ಕಾಯಬೇಕಾದ ಅಂಜುಬುರುಕ ನಾಯಿಗೆ ನೂರಕ್ಕೆ ಎಪ್ಪತ್ತು ಹೊಂದುವ ಮನೆಯೇ ಸಿಕ್ಕರೂ ಕಳುಹಿಸುವುದು ಮೇಲು.

ಒಂದು ಉದಾಹರಣೆ

ಮೂರು ವರ್ಷದ ಹೆಣ್ಣುನಾಯಿ, ಮನುಷ್ಯರಿಗೆ ಹೆದರುತ್ತದೆ, ನಾಯಿಗಳೊಡನೆ ಹೊಂದುತ್ತದೆ, ಒಂಟಿಯಾಗಿ ಐದು ಗಂಟೆ ನಿದ್ರಿಸಬಲ್ಲದು ಎಂದಿಟ್ಟುಕೊಳ್ಳೋಣ. ಮೊದಲ ಕುಟುಂಬಕ್ಕೆ ದೊಡ್ಡ ತೋಟವಿದೆ, ಐದು ವರ್ಷದ ಮಗುವಿದೆ, ತಾಯಿ ಸದಾ ಮನೆಯಲ್ಲಿರುತ್ತಾರೆ. ಎರಡನೆಯದು ಮೂರನೆಯ ಮಹಡಿಯ ಮನೆ, ಮನೆಯಿಂದಲೇ ಕೆಲಸ ಮಾಡುವ ಒಬ್ಬರು, ನಾಯಿಗಳ ಬಗ್ಗೆ ಬಹಳ ಓದಿದ್ದಾರೆ, ಬೇರೆ ನಾಯಿ ಇಲ್ಲ. ಮೂರನೆಯದು ನೆಲಮಹಡಿಯ ಸಣ್ಣ ಮನೆ, ಕೆಲಸಕ್ಕೆ ಹೋಗುವ ದಂಪತಿ, ಅವರಲ್ಲಿ ಒಬ್ಬರು ಮಧ್ಯಾಹ್ನ ಮರಳುತ್ತಾರೆ, ಎಂಟು ವರ್ಷದ ಸಾಧು ಗಂಡುನಾಯಿ ಇದೆ, ಅಂಜುಬುರುಕ ನಾಯಿಯನ್ನು ಹಿಂದೆ ಸಾಕಿಲ್ಲ.

ಹೊರಗಿನವರನ್ನು ಕೇಳಿದರೆ ಹೆಚ್ಚಿನವರು ಮೊದಲನೆಯದನ್ನು, ಉಳಿದವರು ಎರಡನೆಯದನ್ನು ತೋರಿಸಿಯಾರು. ನಾನು ಮೂರನೆಯದಕ್ಕೆ ಕೊಡುತ್ತೇನೆ. ಆ ನಾಯಿಗೆ ಬೇಕಾದ ಮಾರ್ಗದರ್ಶಿ ಅಲ್ಲಿ ನಾಲ್ಕು ಕಾಲಿನಲ್ಲಿದೆ, ಬಿಡುವಿನ ಹೊತ್ತು ದಿನವೂ ಸಿಗುತ್ತದೆ, ಹೊರಗೆ ಹೋಗುವ ದಾರಿ ಹತ್ತು ಹೆಜ್ಜೆಯದು. ದಂಪತಿಯ ಅನುಭವದ ಕೊರತೆಯನ್ನು ನನ್ನ ಫೋನು ಮತ್ತು ನನ್ನ ಪುಸ್ತಕ ತುಂಬಬಲ್ಲವು. ಇದೇ ನಾಯಿ ಒಂಟಿತನಕ್ಕೆ ಹೆದರುವಂಥದ್ದಾಗಿದ್ದರೆ, ಮೂರು ಮಹಡಿಯ ಮೆಟ್ಟಿಲಿದ್ದರೂ, ಎರಡನೆಯ ಮನೆಗೇ ಕಳುಹಿಸುತ್ತಿದ್ದೆ.

ಒಪ್ಪಿಸುವ ದಿನ

ಆಯ್ಕೆ ಎಷ್ಟೇ ಸರಿಯಿದ್ದರೂ ಮೊದಲ ದಿನ ಕೆಟ್ಟರೆ ಎಲ್ಲವೂ ಕೆಡಬಹುದು. ಜಾರದ ಹಾರ್ನೆಸ್ (ಎದೆಯನ್ನೂ ಮೈಯನ್ನೂ ಸುತ್ತುವ ಪಟ್ಟಿ) ಒಂದು, ಕತ್ತಿನ ಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಲೀಶ್ ಹಾಕಿ. ಪಕ್ಕೆಲುಬಿನ ಹಿಂದೆ ಮೂರನೆಯ ಪಟ್ಟಿಯಿರುವ ಹಾರ್ನೆಸ್‌ನಿಂದ ನಾಯಿ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳುವುದು ಕಷ್ಟ. ಚರ್ಮದಡಿ ಇಡುವ, 15 ಅಂಕಿಗಳ ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಇದ್ದರೆ ಅದರ ನೋಂದಣಿಯಲ್ಲಿ ಹೊಸ ಮನೆಯವರ ಫೋನ್ ಸಂಖ್ಯೆ ಅಂದೇ ಸೇರಲಿ, ಏಕೆಂದರೆ ನೋಂದಣಿಯಲ್ಲಿ ಹಳೆಯ ವಿವರವೇ ಉಳಿದರೆ ಚಿಪ್ ಇದ್ದೂ ಇಲ್ಲದಂತೆ. ಒಗೆಯದ ಹಳೆಯ ಹಾಸು, ಇಷ್ಟು ದಿನ ತಿಂದ ಆಹಾರವೇ ಎರಡು ವಾರಕ್ಕಾಗುವಷ್ಟು, ಮತ್ತು ನೀವು ಬರೆದ ಪುಸ್ತಕ ಜೊತೆಗೆ ಹೋಗಲಿ. ಆ ವಾರ ನೆಂಟರಿಲ್ಲ, ಸ್ನಾನವಿಲ್ಲ, ಪೇಟೆಯ ಸುತ್ತಾಟವಿಲ್ಲ ಎಂದು ಮೊದಲೇ ಒಪ್ಪಿಸಿಕೊಳ್ಳಿ.

ಆಮೇಲೆ ಫೋನು ಮಾಡಿದಾಗ ‘ಖುಷಿಯಾಗಿದೆಯೇ’ ಎಂದು ಕೇಳಬೇಡಿ. ಎಲ್ಲರೂ ಹೌದೆಂದೇ ಹೇಳುತ್ತಾರೆ. ಎಲ್ಲಿ ಮಲಗಿದೆ, ಯಾರು ಕೋಣೆಯಲ್ಲಿದ್ದಾಗ ತಿಂದಿತು, ಎಷ್ಟು ಸಲ ಹೊರಗೆ ಹೋಯಿತು, ರಾತ್ರಿ ಎಷ್ಟು ಹೊತ್ತಿಗೆ ಎದ್ದು ಓಡಾಡಿತು ಎಂದು ಕೇಳಿ. ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ. ಆ ಮೂರು ತಿಂಗಳು ಇನ್ನೊಂದು ನಾಯಿಯನ್ನು ತರದೆ, ನಿಮ್ಮ ಮನೆಯ ಆ ಮೂಲೆಯನ್ನು ಹಾಗೆಯೇ ಖಾಲಿ ಇಟ್ಟಿರಿ.